ಕತ್ತರಿ ಹಿಡಿದರೆ ಮಾತಿಲ್ಲ

ಅಂಗಡಿಯ ಹಿಂದಿನ ಕೋಣೆ
೧೪ನೇ ತಾರೀಖು, ಭಾನುವಾರ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡ ಅಂದರೆ ಕೇಳುವವಳಲ್ಲ ನೀನು. ಇಡೀ ಶಾಲೆಗೆ ಬುದ್ಧಿ ಹೇಳುವ ಮೇಡಮ್ಮಿಗೆ ನಾನೇನು ಹೇಳಲಿ. ನಾನು ಚೆನ್ನಾಗಿದ್ದೇನೆ. ಇಲ್ಲಿಯವರ ಭಾಷೆ ನೀರು ಕುಡಿದಷ್ಟು ಸಲೀಸು ಅಂತ ಫೋನಿನಲ್ಲಿ ಕೊಚ್ಚಿಕೊಂಡಿದ್ದೆನಲ್ಲ, ಅದು ಅರ್ಧ ಸುಳ್ಳು.

ಸುಮ್ಮನೆ ಕೂತಿದ್ದರೆ ಮಾತು ಬರುತ್ತೆ ಕಣಕ್ಕಾ. ನೀನು ಎರಡು ವರ್ಷ ಅಡುಗೆಮನೆಯಲ್ಲಿ ಕೂರಿಸಿಕೊಂಡು ಈ ಭಾಷೆ ಕಲಿಸಿದ್ದು ದಂಡವಾಗಿಲ್ಲ. ಆದರೆ ಕೈಗೆ ಕತ್ತರಿ ಬಂತೋ, ನಾಲಿಗೆ ಕಟ್ಟಿಹೋಗುತ್ತೆ. ಗಿರಾಕಿ ಮಳೆ ಬರುತ್ತಾ ಅಂತ ಕೇಳಿದರೂ ಸಾಕು, ಒಂದೋ ಮಾತು ತಪ್ಪುತ್ತೆ, ಇಲ್ಲ ಕೈ ತಪ್ಪುತ್ತೆ. ಪಕ್ಕದ ಕುರ್ಚಿಯ ಹಿರಿಯ ಕ್ಷೌರಿಕನೂ ನನ್ನ ಹಾಗೆ ಹೊರಗಿನವನೇ, ಬಂದು ಇಪ್ಪತ್ತು ವರ್ಷವಾಯಿತು. ಆತ ಗಡ್ಡ ಹೆರೆಯುತ್ತಲೇ ಊರ ಸುದ್ದಿಯೆಲ್ಲ ಹರಟುತ್ತಾನೆ. ನಾನು ಮೊದಲ ವಾರವೇ ಉತ್ತರ ಹುಡುಕುತ್ತಾ ಒಬ್ಬರ ಕಿವಿಗೆ ಗಾಯ ಮಾಡಿದೆ. ಆಮೇಲೆ ಯಾರು ಏನು ಕೇಳಿದರೂ ಬಾಯಿ ಬಿಡಲಿಲ್ಲ. ಒಂದು ದಿನ ಒಬ್ಬ ಗಿರಾಕಿ "ಪಾಪ, ಕಿವಿ ಕೇಳಿಸಲ್ವೇನೋ" ಅಂದ. ನಾನು ತಲೆ ಎತ್ತಲಿಲ್ಲ. ಆತ ಹೋದ ಮೇಲೆ ಮಾಲೀಕರು ನಕ್ಕು, ಹಾಗೇ ಅಂದುಕೊಂಡಿರಲಿ ಬಿಡು ಅಂದರು. ಈಗ ಎಲ್ಲರೂ ಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಡುತ್ತಾರೆ, ಬೆನ್ನು ತಟ್ಟಿ ಹೋಗುತ್ತಾರೆ. ನನಗೂ ಅದೇ ಆರಾಮಾಯಿತು.

ಮೊನ್ನೆ ವಯಸ್ಸಾದವರೊಬ್ಬರು ಬಂದರು. ಹುಟ್ಟು ಕಿವುಡರು. ತಮ್ಮಂಥವನೇ ಒಬ್ಬ ಇಲ್ಲಿದ್ದಾನೆ ಅಂತ ಗೊತ್ತಾಗಿ ಎರಡು ಬಸ್ಸು ಬದಲಿಸಿ ಬಂದಿದ್ದರು. ಕೂರುವ ಮೊದಲೇ ಮುಖ ಅರಳಿಸಿಕೊಂಡು ಕೈಸನ್ನೆಯಲ್ಲಿ ಏನೇನೋ ಹೇಳತೊಡಗಿದರು. ನನಗೆ ಒಂದೂ ತಿಳಿಯಲಿಲ್ಲ. ಅವರ ಕೈಗಳು ನಿಧಾನವಾದವು, ಆಮೇಲೆ ನಿಂತವು. ಟೋಪಿ ಹಾಕಿಕೊಂಡು ಹೊರಟುಹೋದರು. ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಹಿಂದೆ ಓಡಿ ಕೈ ಮುಗಿದೆನಾ? ಅದೂ ಇಲ್ಲ. ಮುಂದಿನ ಗಿರಾಕಿಯ ಕೊರಳಿಗೆ ಬಟ್ಟೆ ಕಟ್ಟಿದೆ. ನಾಚಿಕೆಯಾಗುತ್ತೆ ಅಕ್ಕಾ, ಎರಡು ರಾತ್ರಿಯಿಂದ ಊಟ ಸೇರುತ್ತಿಲ್ಲ.

ಭಾವನಿಗೆ ನಮಸ್ಕಾರ ಹೇಳು, ಮಕ್ಕಳಿಗೆ ನನ್ನ ಮುತ್ತು. ಬೈಯುವುದನ್ನೆಲ್ಲ ಉಳಿಸಿಟ್ಟುಕೋ, ನೀನು ಬಂದಾಗ ಕೂತು ಕೇಳುತ್ತೇನೆ.

ನಿನ್ನ ಪೆದ್ದು ತಮ್ಮ

ಬರೆಯಲು ಮರೆತದ್ದು: "ಶುಕ್ರವಾರ ಬಸ್ಸಿಳಿದು ನೇರ ಅಂಗಡಿಗೇ ಬರ್ತೀನಿ, ನನ್ನ ಶಿಷ್ಯ ಗಿರಾಕಿಗಳ ಹತ್ತಿರ ಹೇಗೆ ಮಾತಾಡ್ತಾನೋ ಕೇಳಬೇಕು" ಅಂತ ನೀನು ಅಂದಿದ್ದೆಯಲ್ಲ. ಬಾ. ಆದರೆ ಬಾಗಿಲಲ್ಲಿ ನಿಂತು ನನ್ನನ್ನು ಕೂಗಬೇಡ. ಗಿರಾಕಿಗಳಿದ್ದರೆ ನಾನು ತಿರುಗಿ ನೋಡಲ್ಲ.