ಬೈಲಾ ಬಯಲಾದದ್ದು

ಗುರುಪಾದ ಮಾರಾಯ,

ಇದನ್ನು ನಿನಗೆ ಕಳಿಸುವುದಿಲ್ಲ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಇವತ್ತು ಮಗಳು ಲವಿಟಾಳ ಹೋಂವರ್ಕಿನಲ್ಲಿ ಒಂದು ಪ್ರಶ್ನೆ: ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳು ತಮ್ಮತಮ್ಮಲ್ಲೇ ಯಾಕೆ ಯುದ್ಧ ಮಾಡಿದವು? "ರಾಜ್ಯಗಳ ಹಕ್ಕಿಗಾಗಿ ಅಂತ ಬರಿ," ಅಂದೆ.

"ಅದು ದಕ್ಷಿಣದವರು ಸೋತ ಮೇಲೆ ಹೇಳಿದ್ದು ಪಪ್ಪಾ. ಬೇರೆಯಾಗುವಾಗ ಅವರೇ ಬರೆದದ್ದರಲ್ಲಿ ಗುಲಾಮಗಿರಿ ಅಂತಲೇ ಇದೆ. ಆಮೇಲೆ ಹೇಳಿದ್ದಲ್ಲ, ಆಗ ಬರೆದದ್ದು ನೋಡಬೇಕು."

ನಮ್ಮ ಕನ್ನಡ ಸಂಘ ಎರಡಾದದ್ದು ಬೈಲಾ ತಿದ್ದುಪಡಿಯಿಂದ ಅಂತ ಆರು ವರ್ಷದಿಂದ ಈ ಅಮೆರಿಕದ ಸಮಾಮಿಶ್ ಊರು ಪೂರ್ತಿ ಹೇಳಿಕೊಂಡು ಬಂದವ ನಾನು. ಮೆಲ್ಲಗೆ ಎದ್ದು ಹೋಗಿ, ಆಗ ಕಮಿಟಿಗೆ ಬರೆದ ನನ್ನದೇ ಇಮೇಲ್ ತೆಗೆದೆ. "ಈ ಸಲವೂ ಕಾರ್ಯಕ್ರಮದ ನಿರೂಪಣೆ ಗುರುಪಾದನಿಗೇ ಆದರೆ ನಾವು ಕರಾವಳಿಯವರು ಬೇರೆ ಸಂಘ ಮಾಡುತ್ತೇವೆ." ಬೈಲಾದ ಸುದ್ದಿಯೇ ಇಲ್ಲ. ಬೈಲಾ ಬಯಲಾಯಿತು.

ಅವರದ್ದು ಮನುಷ್ಯರನ್ನು ಮಾರಿದ ಪಾಪ. ನನ್ನದು, ನಿನ್ನ ಜೋಕಿಗೆ ಜನ ಹೆಚ್ಚು ನಕ್ಕರೆಂಬ ಹೊಟ್ಟೆಕಿಚ್ಚು. ಇಷ್ಟೇ ಇಷ್ಟು ಅಂತ ಕಂಡಾಗ ಎದೆ ಹಗುರಾಯಿತು ನೋಡು. ಒಬ್ಬನೇ ಕೂತು ನಕ್ಕೆ. ಆ ಜೋಕುಗಳೂ ಒಳ್ಳೆಯವೇ ಇದ್ದವು.

ಪತ್ರ ಕಳಿಸಿದರೆ ಉತ್ತರಕ್ಕೆ ಕಾಯಬೇಕು. ನೀನಿರುವ ಎವರೆಟ್ ನಮ್ಮ ಮನೆಯಿಂದ ಉತ್ತರಕ್ಕೇ ಇದೆ, ಕಾರಿನಲ್ಲಿ ಮುಕ್ಕಾಲು ಗಂಟೆ. ಆರು ವರ್ಷ ನಾನು ಹೈವೇಯಲ್ಲಿ ದಕ್ಷಿಣಕ್ಕೇ ತಿರುಗಿದೆ. ನಾಳೆ ಶನಿವಾರ, ನನಗೆ ಬೇರೆ ಕೆಲಸವಿಲ್ಲ.

ಇಂತಿ,
ಸೋತ ದಕ್ಷಿಣ ಕನ್ನಡದವ,
ಸ್ಟ್ಯಾನಿ