ಕೂತ ಮೇಲೆ ತೆಗೆದ ಅಳತೆ

ಮೇಸ್ತ್ರಿ ಮಾವನಿಗೆ,

ಬಂಗಾರಪೇಟೆಯ ರೈಲ್ವೆ ಗೇಟಿನ ಹಿಂದಿದ್ದ ನಿಮ್ಮ ಶೆಡ್ಡಿಗೆ ನಾನು ಮೊದಲ ಸಲ ಬಂದಾಗ ನೀವು ಕೇಳಿದ್ದು ನೆನಪಿದೆಯೇ? ನನ್ನನ್ನು ಕಂಡ ಹೊಸಬರೆಲ್ಲ ಕೇಳುತ್ತಿದ್ದುದು ಒಂದೇ ಪ್ರಶ್ನೆ, ಕಾಲಿಗೇನಾಯಿತು ಅಂತ. ಮೂರನೇ ವರ್ಷಕ್ಕೆ ಪೋಲಿಯೋ, ಎಡಗಾಲು ಎಂದು ಹೇಳಿ ಹೇಳಿ ಅದು ನನಗೆ ಮಗ್ಗಿಯಂತೆ ಬಾಯಿಗೆ ಬಂದಿತ್ತು. ತಮ್ಮ ನಾಗರಾಜ ನನ್ನನ್ನು ಸೈಕಲ್ಲಿನಿಂದ ಎತ್ತಿ ಬೆಂಚಿನ ಮೇಲೆ ಕೂರಿಸುವುದನ್ನು ನೀವು ನೋಡಿದಿರಿ. ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಕೇಳಿದಿರಿ: "ತೂಕ ಎಷ್ಟಮ್ಮಾ?"

"ಐವತ್ತರ ಹತ್ತಿರ. ಇನ್ನೂ ಕೆದಕಿದರೆ ಬರದು ಉತ್ತರ" ಅಂದೆ. ಕನ್ನಡದಲ್ಲಿ ಬಿ.ಎ. ಮಾಡಿದ್ದಕ್ಕೆ ಕೈಯಲ್ಲಿ ಉಳಿದದ್ದು ಪ್ರಾಸವೊಂದೇ.

"ಅತ್ರ ಅನ್ನೋದು ಬಸ್‌ಸ್ಟ್ಯಾಂಡಿಗೆ ಸರಿ ಓಗ್ತದೆ. ಸ್ಪ್ರಿಂಗಿಗೆ ಕರೆಕ್ಟಾಗಿ ಬೇಕು" ಅಂದಿರಿ. ಆವತ್ತೇ ನಿಮ್ಮ ಮೇಲೆ ನನಗೆ ನಂಬಿಕೆ ಹುಟ್ಟಿತು. ತೂಕವನ್ನು ಮಾತ್ರ ಆಮೇಲೂ ಸರಿಯಾಗಿ ಹೇಳಲಿಲ್ಲ.

ಆ ವಾರ ಮಾರಿಕುಪ್ಪಂ ಶಾಲೆಯ ಟೀಚರ್ ಕೆಲಸದ ಆದೇಶ ಮನೆಗೆ ಬಂದಿತ್ತು. ಸೋಮವಾರ ಹಾಜರಾಗದಿದ್ದರೆ ಕೆಲಸ ಇನ್ನೊಬ್ಬರ ಪಾಲು. ಮಾರಿಕುಪ್ಪಂಗೆ ರೈಲಿತ್ತು, ರೈಲಿಗೆ ಮೆಟ್ಟಿಲಿತ್ತು, ಮೆಟ್ಟಿಲು ನನ್ನ ಸೊಂಟದೆತ್ತರಕ್ಕಿತ್ತು. ಸ್ಕೂಲು, ಕಾಲೇಜಿನ ಬಸ್ಸು, ಆಸ್ಪತ್ರೆ, ಎಲ್ಲದಕ್ಕೂ ನನ್ನನ್ನು ಸೈಕಲ್ಲಿನಲ್ಲಿ ಹೊತ್ತವನು ನಾಗರಾಜ. ಗಾರೆ ಕೆಲಸದಿಂದ ಅರ್ಧಕ್ಕೆ ಎದ್ದು ಬರುತ್ತಿದ್ದ. ಒಂದು ದಿನವೂ ಗೊಣಗಲಿಲ್ಲ. ಅದೇ ಕಷ್ಟ ಮಾವ, ಗೊಣಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಇನ್ನು ಮೇಲೆ ನಾನೊಬ್ಬಳೇ ಹೋಗಬೇಕು, ಇಲ್ಲವೇ ಹೋಗಲೇಬಾರದು ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿದ್ದೆ.

ಹಳೆಯ ಸ್ಕೂಟರಿಗೆ ನಮ್ಮೂರಿನ ವೆಲ್ಡಿಂಗಿನವನು ಎರಡೂ ಪಕ್ಕಕ್ಕೆ ಒಂದೊಂದು ಚಕ್ರ ಬೆಸೆದಿದ್ದ. ನಾಲ್ಕು ಚಕ್ರವಾಯಿತು, ಸ್ಪ್ರಿಂಗು ಮಾತ್ರ ಇಲ್ಲ. ಆದೇಶ ಬರುವ ಮೊದಲೇ ಕೆರೆಯಂಗಳದಲ್ಲಿ ಎರಡು ವಾರ ಓಡಿಸಿ ಕಲಿತಿದ್ದೆ. ಸಣ್ಣ ಗುಂಡಿ ಬಂದರೂ ಪಕ್ಕದ ಚಕ್ರಗಳು ಎರಡು ದಡ ಹಿಡಿದು ನಿಲ್ಲುತ್ತಿದ್ದವು, ನಡುವಿನ ಚಕ್ರ ಗಾಳಿಯಲ್ಲಿ ತಿರುಗುತ್ತಿತ್ತು. ಸದ್ದು ಕೋಲಾರ ಮುಟ್ಟುತ್ತಿತ್ತು, ಗಾಡಿ ಅಲ್ಲೇ ಇರುತ್ತಿತ್ತು.

ಕೋಲಾರದ ಚಿನ್ನದ ಗಣಿಯ ನಂದಿದುರ್ಗ ವರ್ಕ್‌ಶಾಪಿನಲ್ಲಿ ಫಿಟ್ಟರಾಗಿದ್ದ ಕೈ ನಿಮ್ಮದು. ಆ ಬೆಸುಗೆ ಕತ್ತರಿಸಿ, ಪಕ್ಕದ ಒಂದೊಂದು ಚಕ್ರಕ್ಕೂ ಬೇರೆ ತೋಳು, ಬೇರೆ ಸ್ಪ್ರಿಂಗು ಕೂರಿಸಿದಿರಿ. ಶನಿವಾರ ಅಳತೆ. ಮೊದಲು ಗಾಡಿಯನ್ನು ದಿಮ್ಮಿಯ ಮೇಲೆತ್ತಿ ಚಕ್ರ ಇಳಿಬಿಟ್ಟು, ಬಿದಿರು ಕಡ್ಡಿಯ ಮೇಲೊಂದು ಗೆರೆ. ನೆಲಕ್ಕಿಳಿಸಿ ಇನ್ನೊಂದು. ನನ್ನನ್ನು ಕೂರಿಸಿ ಮತ್ತೊಂದು. ಪ್ರತಿ ಸಲವೂ ಗಾಡಿಯನ್ನು ಎರಡು ಸಾರಿ ಅದುಮಿ ಬಿಟ್ಟು, ಅದು ಸುಮ್ಮನಾದ ಮೇಲೇ ಕಡ್ಡಿ ಹಿಡಿಯುತ್ತಿದ್ದಿರಿ.

"ಗಾಡೀನೂ ಮನುಷ್ಯನಂಗೇ ಕಣಮ್ಮಾ. ಮೊದ್ಲು ಸುಳ್ಳು ಹೇಳ್ತದೆ. ಎರಡು ಸಲ ಅಲ್ಲಾಡ್ಸಿ ಕೇಳ್ಬೇಕು."

"ಕೂತಾಗ ಸ್ಪ್ರಿಂಗು ಎಷ್ಟು ಇಳೀಬೇಕು ಮೇಸ್ತ್ರಿ?" ಎಂದ ನಾಗರಾಜ.

"ಮೂರರಲ್ಲಿ ಒಂದು ಪಾಲು ನಿಮ್ಮಕ್ಕಂದು. ಮಿಕ್ಕಿದ್ದೆರಡು ರಸ್ತೆಗೆ. ಎಲ್ಲಾ ಇವ್ಳೇ ತಿಂದ್ಬಿಟ್ರೆ ಗುಂಡಿ ಬಂದಾಗ ಏನ್ಲಾ ಕೊಡ್ತಾಳೆ?"

"ಇಳೀದೇ ಇದ್ರೆ?"

"ಆರ್ತಾಳೆ ಮೇಲಕ್ಕೆ. ಆರೋಕೆ ಲೈಸೆನ್ಸೇ ಬೇರೆ."

ಟೀ ತಂದ ರುಕ್ಕತ್ತೆ ಗ್ಲಾಸು ಹಿಡಿದು ಎಷ್ಟೋ ಹೊತ್ತು ಕಾದರು. "ಮದ್ವೆಯಾಗಿ ಇಪ್ಪತ್ತು ವರ್ಸ. ಆ ಸ್ಪ್ರಿಂಗ್ ನೋಡ್ದಂಗೆ ನನ್ನ ಒಂದಿನ ನೋಡ್ಲಿಲ್ಲ" ಅಂದರು. "ನೀನು ಕೂತ್ರೂ ನಿಂತ್ರೂ ಒಂದೇ ಐಟು ಕಣೇ, ನೋಡೋದೇನೈತೆ?" ಅಂದಿರಿ. ಟೀ ತಣ್ಣಗಾಯಿತು, ಅತ್ತೆ ಬಿಸಿಯಾದರು. ನೀವು ಎರಡೂ ಕಡೆಯ ಸ್ಪ್ರಿಂಗಿನ ನಟ್ಟನ್ನು ಸಮನಾಗಿ ಬಿಗಿದಿರಿ. ಗಾಡಿ ತಕ್ಕಡಿಯಂತೆ ನೆಟ್ಟಗೆ ನಿಂತಿತು.

ಭಾನುವಾರ ಬೆಳಗ್ಗೆ ನಿಮಗೆ ತೋರಿಸೋಣವೆಂದು ಊರಿಂದ ನಾನೇ ಓಡಿಸಿಕೊಂಡು ಹೊರಟೆ. ಹೊರಟಾಗಿನಿಂದ ಗಾಡಿ ಎಡಕ್ಕೆ ವಾಲುತ್ತಿತ್ತು. ಗೇಟಿನ ದಿಬ್ಬದ ತಿರುವಿನಲ್ಲಿ ಬಲಚಕ್ರ ನೆಲ ಬಿಟ್ಟಿತು. ನಾನೂ ಸ್ಕೂಟರೂ ಹುಲ್ಲಿನ ಗಾಡಿಯೊಂದಕ್ಕೆ ಒರಗಿ ನಿಂತೆವು. ಹಿಂದೆ ಸೈಕಲ್ಲಿನಲ್ಲಿ ಬರುತ್ತಿದ್ದ ನಾಗರಾಜ ಓಡಿಬಂದು, "ಬಿಡಕ್ಕಾ, ನಾಳೆ ನಾನೇ ಬತ್ತೀನಿ" ಅಂದ. ಮೊಣಕೈ ತರಚಿದ್ದಕ್ಕಿಂತ ಆ ಮಾತು ಹೆಚ್ಚು ಉರಿಯಿತು.

ಶೆಡ್ಡಿನಲ್ಲಿ ನೀವು ಕಡ್ಡಿ ಹಿಡಿದು ನೋಡಿದಿರಿ. ಎಡಗಡೆ ಒಂದು ಬೆರಳು ತಗ್ಗು. ನಟ್ಟು ಮುಟ್ಟಿದಿರಿ, ಅಲ್ಲಾಡಿರಲಿಲ್ಲ. ಆಮೇಲೆ ನಿಮ್ಮ ಕಣ್ಣು ಸೀರೆಯಂಚಿನ ಕೆಳಗೆ ಹೋಯಿತು. ಎಡಗಾಲಿಗೆ ತೊಡೆಯಿಂದ ಬೂಟಿನವರೆಗೆ ಎರಡು ಕಬ್ಬಿಣದ ಪಟ್ಟಿ, ಮೇಲೆ ಚರ್ಮದ ಬೆಲ್ಟು. ಅದಿಲ್ಲದೆ ನಾನು ಒಂದು ಹೆಜ್ಜೆಯೂ ನಡೆಯಲಾರೆ.

"ಇದು ನಿನ್ನೆ ಇರ್ಲಿಲ್ಲ" ಅಂದಿರಿ, ಮೆಲ್ಲಗೆ.

"ಮರೆತು ಬಂದಿದ್ದೆ" ಅಂದೆ.

ಪಕ್ಕದಲ್ಲಿ ನಿಂತಿದ್ದ ಲಾರಿ ಡ್ರೈವರ್ ನಕ್ಕ. "ಕಾಲನ್ನೇ ಮರ್ತ್ ಬಂದವ್ಳೆ. ನಾಳೆ ಮಕ್ಳಿಗೆ ಏನ್ ನೆಪ್ಪು ಮಾಡ್ಕೊಂಡು ಪಾಠ ಹೇಳ್ತಾಳೆ?"

ನೀವು ತಲೆ ಎತ್ತಲೂ ಇಲ್ಲ. "ಮರ್ತಿದ್ದು ನಾನು ಕಣಯ್ಯಾ. ದಿನಾ ಏನ್ ಆಕ್ಕೊಂಡು ಓಡಿಸ್ತಾಳೆ ಅಂತ ಕೇಳೋದು ಮೇಸ್ತ್ರಿ ಕೆಲ್ಸ. ಕೇಳ್ಲಿಲ್ಲ. ತಪ್ಪು ನಂದು."

ಒಂದು ನಟ್ಟೂ ಸಡಿಲ ಬಿಡದ ಮನುಷ್ಯ, ನಾಲ್ಕು ಜನರೆದುರು ತನ್ನ ಕೆಲಸವೇ ತಪ್ಪೆಂದು ಹೇಳಿಬಿಟ್ಟಿರಿ. ಅದನ್ನು ನಿಮ್ಮಿಂದ ಯಾರು ಕೇಳಿದ್ದರು ಮಾವ?

"ನಾಳೆ ಏನೇನ್ ತಗೊಂಡೋಗ್ತೀಯೋ ಎಲ್ಲಾ ತಾ" ಅಂದಿರಿ. ಚೀಲ, ಊಟದ ಡಬ್ಬಿ, ಛತ್ರಿ, ಸಿಕ್ಕ ನಾಲ್ಕು ಪುಸ್ತಕ, ಎಲ್ಲ ಹೇರಿದ್ದಾಯಿತು. ನಾನು ಬೆನ್ನು ಸೆಟೆಸಿ ಕೂತೆ. "ಫೋಟೋ ತೆಗೀತಿಲ್ಲಮ್ಮಾ. ದಿನಾ ಎಂಗ್ ಕೂರ್ತೀಯೋ ಅಂಗೇ ಕೂರು." ಸೊಂಟ ಎಡಕ್ಕೆ ಜಾರಿ, ಭುಜ ಬಾಗಿ, ನಾನು ನನ್ನಂತೆ ಕೂತೆ. ಅಷ್ಟು ಜನರೆದುರು ಹಾಗೆ ಕೂತದ್ದು ಅದೇ ಮೊದಲು. ನೀವು ಎಡಗಡೆಯ ನಟ್ಟನ್ನು ಎರಡೂವರೆ ಸುತ್ತು ಬಿಗಿದು, ಬಲಗಡೆಯದನ್ನು ಅರ್ಧ ಸುತ್ತು ಸಡಿಲಿಸಿದಿರಿ. ನಾನಿಳಿದಾಗ ಗಾಡಿ ಬಲಕ್ಕೆ ವಾಲಿ ನಿಂತಿತು, ಕೂತಾಗ ಸಮವಾಯಿತು. "ಖಾಲಿ ನಿಂತಾಗ ಸೊಟ್ಟಗಿದ್ರೆ ಇರ್ಲಿ. ಖಾಲಿ ಗಾಡಿ ಯಾರ್ ಓಡಿಸ್ತಾರೆ?" ಅಂದಿರಿ.

ಸೋಮವಾರ ಅದೇ ದಿಬ್ಬದಲ್ಲಿ ಒಂದು ಚಕ್ರ ಏರಿತು, ಒಂದು ಇಳಿಯಿತು, ನಾನು ಮಾತ್ರ ನಡುವೆ ನೆಟ್ಟಗೆ. ಮೈಸೂರು ಮೈನ್ಸ್ ದಾಟಿ, ಗಣಿಯಿಂದ ಹೊರಚೆಲ್ಲಿದ ಬಿಳಿ ಮಣ್ಣಿನ ಗುಡ್ಡ ದಾಟಿ ಶಾಲೆ ಮುಟ್ಟಿದೆ. ಹೆಡ್‌ಮಿಸ್ಟ್ರೆಸ್ ಗೇಟಿನತ್ತ ನೋಡಿ, "ಯಾರು ಬಿಟ್ಟು ಹೋದರು?" ಅಂದರು. "ಯಾರೂ ಇಲ್ಲ" ಅಂದೆ. ಪ್ರಾಸವಿಲ್ಲದ ಉತ್ತರ ಅಷ್ಟು ಸಿಹಿಯಾಗಿದ್ದದ್ದು ಅದೊಂದೇ ಸಲ.

ನೀವು ಹೋಗಿ ನಾಲ್ಕು ವರ್ಷವಾಯಿತು. ನಿಮ್ಮ ಶೆಡ್ಡಿನಲ್ಲಿ ಈಗ ಹಿಟ್ಟಿನ ಗಿರಣಿ. ಅದೇ ಸ್ಕೂಟರು, ಅದೇ ಶಾಲೆ. ಐವತ್ತು ಕಿಲೋ ಹತ್ತಿರವಿದ್ದವಳು ಅರವತ್ತು ಕಿಲೋ ದಾಟಿದ್ದೇನೆ, ನಲವತ್ತೈದು ವಯಸ್ಸಿನ ಮೈ ನಿಮ್ಮ ಗೆರೆಗೆ ನಿಲ್ಲುತ್ತಿಲ್ಲ. ಹೋದ ಭಾನುವಾರ ಸ್ಪ್ಯಾನರ್ ಹಿಡಿದು ಗಿರಣಿಯ ಪಕ್ಕದ ನಿಮ್ಮ ಮನೆಗೆ ಹೋದೆ. ನೀವು ಗೆರೆ ಹಾಕಿದ ಕಡ್ಡಿ ರುಕ್ಕತ್ತೆಯ ಹತ್ತಿರ ಭದ್ರವಾಗಿದೆ. ಬೀದಿಯಲ್ಲೇ ಗಾಡಿ ನಿಲ್ಲಿಸಿ ಕೂತೆ. ಗಿರಣಿಗೆ ಬಂದವರೆಲ್ಲ ನೋಡುತ್ತಿದ್ದರು. ಅತ್ತೆ ಕುಕ್ಕುರುಗಾಲಲ್ಲಿ ಕೂತು, "ಎಲ್ಲಾ ಆಕ್ಕೊಂಡೇ ಕೂತಿದೀಯೇನಮ್ಮಾ?" ಅಂದರು.

"ಎಲ್ಲಾ ಅತ್ತೆ."

ಅವತ್ತು ನಾನು ಮರೆತಿರಲಿಲ್ಲ ಮಾವ. ನಿಮ್ಮ ಶೆಡ್ಡಿನ ಗಂಡಸರು ನೋಡಬಾರದೆಂದು ಆ ಕಬ್ಬಿಣವನ್ನು ಮಂಚದ ಕೆಳಗೆ ತಳ್ಳಿ, ನೆರಿಗೆ ಇಳಿಬಿಟ್ಟುಕೊಂಡು ಬಂದಿದ್ದೆ. ನಿಮಗದು ಗೊತ್ತಾಗಿತ್ತೇ? ಎರಡು ಸಲ ಅಲ್ಲಾಡಿಸಿ ಕೇಳಬೇಕು ಅಂದವರು, ನನ್ನನ್ನು ಮಾತ್ರ ಒಂದೇ ಮಾತಿಗೆ ಬಿಟ್ಟುಬಿಟ್ಟಿರಿ.

ಎಡಗಡೆಯ ನಟ್ಟಿಗೆ ಎರಡು ಸುತ್ತು, ಬಲಗಡೆಯದಕ್ಕೆ ಒಂದೂವರೆ. ಇಳಿದು ನಾನೇ ಬಿಗಿದು, ಮತ್ತೆ ಕೂತೆ. ಅತ್ತೆ ಎರಡು ಸಾರಿ ಅದುಮಿ ಬಿಟ್ಟು, ಸುಮ್ಮನಾಗುವವರೆಗೆ ಕಾದು, ಕಡ್ಡಿ ಹಿಡಿದರು. ಎರಡೂ ಕಡೆ ನಿಮ್ಮ ಗೆರೆಗೇ ಬಂದಿದೆ.

ನಿಮ್ಮ
ಟೀಚರಮ್ಮ