ಆಡು ತಿಂದ ಅಧ್ಯಾಯ

ಅಂಕಲಗಿ,
೨೦ ಜನೆವರಿ ೨೦೨೫

ಪ್ರೀತಿಯ ಯಜಮಾನರಿಗೆ, ತವರಿನಿಂದ ನಿಮ್ಮ ಕಸ್ತೂರಿಯ ನಮಸ್ಕಾರ.

ಹೇಗಿದ್ದೀರಿ? ಕೆಮ್ಮು ಕಡಿಮೆಯಾಯಿತೇ? ನೀವು ಕುರಿ ಮೇಯಿಸುತ್ತಿರುವ ಹತ್ತರಗಿ ಕಡೆ ಥಂಡಿ ಬಹಳ ಎಂದು ಕೇಳಿದೆ. ಇರುವ ಕಂಬಳಿಯನ್ನೆಲ್ಲ ಕುರಿಮರಿಗಳಿಗೆ ಹೊದಿಸಿ ನೀವು ನಡುಗುತ್ತ ಕೂಡಬೇಡಿ. ನಾನು ಆರಾಮ. ಕಾಲು ಸ್ವಲ್ಪ ಬಾತಿವೆ, ಡಾಕ್ಟರಬಾಯಿ ಎಲ್ಲ ಸರಿ ಇದೆ ಅಂದಿದ್ದಾರೆ. ಅವ್ವ ಹೊತ್ತುಹೊತ್ತಿಗೆ ಹಾಲು ಕುಡಿಸಿ ಜೀವ ತಿನ್ನುತ್ತಾಳೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಪುಸ್ತಕದ ಮಾತು ತೆಗೆದ ಕೂಡಲೇ ನಿಮ್ಮ ಕುರಿಗಳು ಯಾರದೋ ಕಬ್ಬಿಗೆ ನುಗ್ಗುತ್ತವೆ, ನೀವು ಫೋನ್ ಇಟ್ಟುಬಿಡುತ್ತೀರಿ. ಅದಕ್ಕೇ ರೊಟ್ಟಿ ಗಂಟಿನ ಜೊತೆ ತಮ್ಮ ಉಮೇಶನ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ.

ಮದುವೆಯಾದಾಗಿನಿಂದ ಕೂಡಿ ಓದಿದ ರಾಣಿ ನೀಲಾಂಗಿಯ ಕಾದಂಬರಿಯ ಕೊನೆಯ ಭಾಗ ನನ್ನ ಕೈಯಲ್ಲಿದೆ, ಕೊನೆಯ ಅಧ್ಯಾಯ ಮಾತ್ರ ಇಲ್ಲ. ನನ್ನ ಸೀಮಂತದ ಕುಬಸಕ್ಕೆ ಬಂದವರು ಮೊದಲು ನೀವೇ ಓದಿ ಮುಗಿಸಿದಿರಿ. ಹೋಗುವಾಗ ಪುಸ್ತಕ ಕೈಗಿಟ್ಟು, "ಕಡೀ ಹಾಳಿ ಆಡು ತಿಂದೈತಿ ನೋಡು" ಅಂದಿರಿ. ಕುರಿ ಕಾಯುವವರ ಮನೆಯಲ್ಲೇ ಹುಟ್ಟಿ ಬೆಳೆದವಳಿಗೆ ಈ ಮಾತೇ? ಆಡು ತಿಂದರೆ ಮೂಲೆ ಜಗಿದಿರುತ್ತದೆ, ಜೊಲ್ಲು ಹತ್ತಿರುತ್ತದೆ. ಬ್ಲೇಡಿನಿಂದ ಕೊಯ್ದಂತೆ ಬುಡಕ್ಕೇ ನೆಟ್ಟಗೆ ತಿನ್ನುವ ಆಡು ಯಾವ ಸಂತೆಯಲ್ಲಿ ಸಿಗುತ್ತದೆ ಹೇಳಿ, ನಮ್ಮ ಮನೆಗೂ ಒಂದು ಇರಲಿ.

ಆ ಕಾದಂಬರಿಕಾರನ ಮೇಲೂ ನನಗೆ ಸಿಟ್ಟಿದೆ. ಯುದ್ಧ ಹಿಡಿದರೆ ಮುಗಿಸುವುದಿಲ್ಲ, ಅರಮನೆಯ ಊಟ ಬಡಿಸಲಿಕ್ಕೆ ಕೂತರೆ ಏಳುವುದಿಲ್ಲ. ಅವನ ಹಾರುವ ಕುದುರೆಗಳು ಒಂದು ದಿನವಾದರೂ ಹುಲ್ಲು ತಿಂದದ್ದನ್ನು ನಾನು ಓದಿಲ್ಲ. ನಮಗೆ ಬೇಕಾದವರನ್ನೇ ಹುಡುಕಿ ಹುಡುಕಿ ಸಾಯಿಸುತ್ತಾನೆ. ಆ ಮುದುಕ ಅಂಬಿಗನನ್ನು ಮುಳುಗಿಸಿದಾಗ ಇನ್ನು ಇವನ ಪುಸ್ತಕ ಮುಟ್ಟುವುದಿಲ್ಲ ಎಂದು ಆಣೆ ಮಾಡಿದ್ದೆ. ಮುಂದಿನ ಭಾಗ ಬಂದಾಗ ಗೋಕಾಕದ ಅಂಗಡಿಗೆ ಮೊದಲು ಓಡಿದವಳೂ ನಾನೇ. ಏನು ಮಾಡಲಿ, ನೀಲಾಂಗಿ ಗುಡ್ಡದ ಮೇಲೆ ಒಬ್ಬಳೇ ನಿಂತು ಹಾಡುವ ಪುಟ ಓದಿದರೆ ಅವನಿಗೆ ಎಲ್ಲ ಮಾಫಿ. ಬಾಜೂ ಮನೆಯ ಗೆಳತಿ ಜಹೀರಾ ಅವನ ಒಂದು ಅಕ್ಷರವನ್ನೂ ಹಳಿಯಗೊಡುವುದಿಲ್ಲ. ಉಮೇಶನಿಗೆ ಕುದುರೆ ಹಾರಿದರೆ ಸಾಕು. ಅವ್ವ ಮಾತ್ರ ರೊಟ್ಟಿ ಬಡಿಯುತ್ತ ನಾನು ಓದುವುದನ್ನು ಕೇಳಿ, "ಆ ರಾಣಿಗೆ ತವರಮನಿ ಇಲ್ಲೇನ?" ಅನ್ನುತ್ತಾಳೆ.

ಹೆಣ್ಣು ಹುಟ್ಟಿದರೆ ನೀಲಾಂಗಿ ಎಂದೇ ಹೆಸರಿಡಬೇಕೆಂದು ಹಟ ಹಿಡಿದವರು ನೀವು. ಈಗ "ಬ್ಯಾರೇ ಹೆಸರು ನೋಡೂಣು" ಅನ್ನುತ್ತೀರಿ. ಯಾಕೆಂದು ಕೇಳಿದರೆ ಮತ್ತೆ ಕುರಿ, ಮತ್ತೆ ಕಬ್ಬು. ಕಾದಂಬರಿಯಲ್ಲಿ ರಾಣಿಗೂ ದಿನ ತುಂಬಿವೆ, ಇಲ್ಲಿ ನನಗೂ ತುಂಬಿವೆ. ಅವಳು ಕೋಟೆಯೊಳಗೆ ಬೇನೆ ತಿನ್ನುತ್ತಿರುವಲ್ಲಿಗೆ ನನ್ನ ಪುಸ್ತಕ ಮುಗಿಯುತ್ತದೆ. ಇಂಥ ಜಾಗದಲ್ಲಿ ಯಾರಾದರೂ ಹಾಳೆ ಕೊಯ್ಯುತ್ತಾರೆಯೇ?

ನಿಮ್ಮ ಜೊತೆಗಿರುವ ಬೀರಸಿದ್ದಪ್ಪ ಭಾವನವರಿಗೆ ನಮಸ್ಕಾರ ತಿಳಿಸಿ. ಮಸಗುಪ್ಪಿಯಿಂದ ಅತ್ತೆ ಫೋನ್ ಮಾಡಿದ್ದರು, ಚೆನ್ನಾಗಿದ್ದಾರೆ. ರೊಟ್ಟಿಯ ನಡುವೆ ಶೇಂಗಾ ಚಟ್ನಿ ಇದೆ, ನಾಯಿಗೆ ಹಾಕದೆ ನೀವು ಉಣ್ಣಿ.

ಸಿಟ್ಟಿನಲ್ಲಿರುವ, ಆದರೂ ನಿಮ್ಮವಳೇ,
ಕಸ್ತೂರಿ

ತಾ.ಕ.: ಉಮೇಶ ಬೈಕ್ ಚಾಲೂ ಮಾಡಿ ಹಾರ್ನ್ ಹೊಡೆಯುತ್ತಿದ್ದಾನೆ. ಆ ಅಧ್ಯಾಯವನ್ನು ನಿನ್ನೆ ಜಹೀರಾಳ ಪುಸ್ತಕದಲ್ಲಿ ಓದಿದೆ. ನೀವೇ ಬಾಯಿ ಬಿಡುತ್ತೀರೇನೋ ಎಂದು ಮೇಲಿನದೆಲ್ಲ ಬರೆದೆ. ನೀಲಾಂಗಿ ಹೆರಿಗೆಯಲ್ಲಿ ಸಾಯುತ್ತಾಳೆ. ನಾನು ಹೆದರಬಾರದೆಂದು ಕೊಯ್ದಿರಿ. ಹೆದರಿಕೆ ಆಗಿದೆ, ಸುಳ್ಳು ಹೇಳುವುದಿಲ್ಲ. ಆದರೆ ನನ್ನನ್ನು ಅಳಿಸಿದ್ದು ಬೇರೆ: ಜೀವ ಹೋಗುವತನಕ ಅವಳು ಬಾಗಿಲನ್ನೇ ನೋಡುತ್ತಿರುತ್ತಾಳೆ, ಗಂಡ ದಂಡಿನಲ್ಲಿ ಇರುತ್ತಾನೆ. ಕುರಿಗಳನ್ನು ಭಾವನವರಿಗೆ ಒಪ್ಪಿಸಿ ಉಮೇಶನ ಬೈಕಿನ ಹಿಂದೆ ಕೂತು ಇವತ್ತೇ ಬನ್ನಿ. ಹೊರಡುವ ಮೊದಲು ಆ ಹಾಳೆಗಳನ್ನು ಖರೆಖರೆ ಆಡಿಗೆ ಹಾಕಿ.